ಸೊನ್ನೆ ಹಾಕಿದ್ದಕ್ಕೆ ಸೊನ್ನೆ

ಹೋದ ವರ್ಷ ಪರಿಚಯದವರ ಮಕ್ಕಳಿಗೆ ಅಂತ ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ ಒಂದು ಪುಟ್ಟ ಇತಿಹಾಸದ ಕೋರ್ಸ್ ಮಾಡಿದ್ದೆ. ಅದರಲ್ಲಿ ಒಂದು ಪ್ರಶ್ನೆ, ವಿಜಯನಗರ ಸಾಮ್ರಾಜ್ಯದ ರಾಜಧಾನಿ ಯಾವುದು? ನಾಲ್ಕು ಆಯ್ಕೆ ಕೊಟ್ಟಿರಲಿಲ್ಲ, ಉತ್ತರ ಟೈಪ್ ಮಾಡಬೇಕಿತ್ತು. ಒಬ್ಬ ಹುಡುಗ 'ಹ೦ಪಿ' ಅಂತ ಬರೆದ. ಅಂಕ ಸೊನ್ನೆ.

ನಾನು ಕೊಟ್ಟಿದ್ದ ಸರಿಯುತ್ತರವೂ 'ಹಂಪಿ'ಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಹುಡುಗ ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದ. ನಮಗೆ ಎರಡೂ ಸೊನ್ನೆಯೇ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ಅವು ಬೇರೆ ಬೇರೆ ಅಕ್ಷರ, ಆದ್ದರಿಂದ ಕಂಪ್ಯೂಟರಿಗೆ ಅದು ಹಂಪಿಯೇ ಅಲ್ಲ.

ಬರೆದ ಉತ್ತರವನ್ನು ಯಂತ್ರದ ಕೈಯಲ್ಲಿ ತಿದ್ದಿಸುವ ಆಸೆ ಹಳೆಯದು. ಕೊಟ್ಟ ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಯ ಕಷ್ಟ ಬೇಗ ಬಗೆಹರಿದಿತ್ತು. 1938ರಲ್ಲೇ ಐಬಿಎಂ 805 ಯಂತ್ರ ಬಂತು, ಸೀಸದ ಕಡ್ಡಿಯ ಗುರುತಿನ ಮೂಲಕ ವಿದ್ಯುತ್ ಹರಿಸಿ ಅಂಕ ಎಣಿಸುತ್ತಿತ್ತು. ಆದರೆ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್‌ಗೆ ಆಯ್ಕೆ ಪ್ರಶ್ನೆ ಹಿಡಿಸಲಿಲ್ಲ. ಉತ್ತರವನ್ನು ನೋಡಿ ಗುರುತಿಸುವುದು ಬೇರೆ, ನೆನಪಿನಿಂದ ತೆಗೆದು ಬರೆಯುವುದು ಬೇರೆ ಅಂತ ಅವರ ವಾದ. ಹಾಗಾಗಿ 1950ರ ದಶಕದ ಅವರ ಕಲಿಕೆ ಯಂತ್ರವೊಂದರಲ್ಲಿ ವಿದ್ಯಾರ್ಥಿ ಕಾಗದದ ಪಟ್ಟಿಯ ಮೇಲೆ ಉತ್ತರ ಬರೆದು ಹಿಡಿಕೆ ಎತ್ತಬೇಕು, ಆಗ ಬರೆದದ್ದು ಪಾರದರ್ಶಕ ಮುಚ್ಚಳದ ಅಡಿಗೆ ಜಾರುತ್ತದೆ (ಇನ್ನು ಅಳಿಸಿ ತಿದ್ದುವ ಹಾಗಿಲ್ಲ), ಪಕ್ಕದಲ್ಲಿ ಸರಿಯುತ್ತರ ಕಾಣುತ್ತದೆ. ಎರಡೂ ಹೊಂದುತ್ತವಾ ಇಲ್ಲವಾ ಅಂತ ಹೇಳಬೇಕಾದವನು ವಿದ್ಯಾರ್ಥಿಯೇ! ಯಂತ್ರಕ್ಕೆ ಓದಲು ಬರುತ್ತಿರಲಿಲ್ಲ, ಅದಕ್ಕೆ ಆ ಕೆಲಸವನ್ನು ಅವರು ಮನುಷ್ಯನಿಗೇ ಬಿಟ್ಟರು.

ಯಂತ್ರವೇ ಹೋಲಿಸಿ ನೋಡುವುದಕ್ಕೆ ಒಳ್ಳೆಯ ದಾರಿ ಸಿಕ್ಕಿದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಪ್ಲೇಟೋ ಅನ್ನುವ ಕಲಿಕಾ ವ್ಯವಸ್ಥೆ ಶುರುಮಾಡಿದರು. ಅದರಲ್ಲಿ ಪಾಠ ಬರೆಯಲೆಂದೇ ಪಾಲ್ ಟೆನ್ಜರ್ 'ಟ್ಯೂಟರ್' ಅನ್ನುವ ಭಾಷೆ ಕಟ್ಟಿದರು. ಅದರ ಉತ್ತರ ಹೊಂದಿಸುವ ಸಾಲು ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಇದ್ದರೂ ಸರಿ, ಬಿಟ್ಟರೂ ಸರಿ ಅನ್ನುವ ಪದಗಳು ಒಂದು ಬಗೆಯ ಆವರಣದಲ್ಲಿ. ಇದಾದರೂ ಸರಿ, ಅದಾದರೂ ಸರಿ ಅನ್ನುವ ಸಮಾನ ಪದಗಳು ಇನ್ನೊಂದು ಬಗೆಯ ಆವರಣದಲ್ಲಿ. 'ಲಂಬಕೋನ ತ್ರಿಭುಜ' ಅಂದರೂ ಒಪ್ಪು, 'ಅದು ಒಂದು ಲಂಬಕೋನ ತ್ರಿಭುಜ' ಅಂದರೂ ಒಪ್ಪು. ಕಾಗುಣಿತ ತಪ್ಪಿದ್ದರೆ ಬರೀ ತಪ್ಪು ಅನ್ನದೆ ಆ ಪದವನ್ನೇ ಗುರುತು ಮಾಡಿ ತೋರಿಸುತ್ತಿತ್ತು. ಸುಮ್ನೆ ಹೊಗಳುತ್ತಿಲ್ಲ, ಇವತ್ತಿನ ಎಷ್ಟೋ ಕೋರ್ಸ್‌ಗಳಲ್ಲಿ ಇಷ್ಟೂ ಇರುವುದಿಲ್ಲ.

ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಎಲ್ಲಿಸ್ ಪೇಜ್ ಪೂರ್ತಿ ಪ್ರಬಂಧಕ್ಕೇ ಕೈ ಹಾಕಿದರು. ಅವರು ಹಿಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ತಿದ್ದುವ ಗೋಳು ಗೊತ್ತಿತ್ತು. ಕಂಪ್ಯೂಟರ್ ಪ್ರಬಂಧ ತಿದ್ದುವ ದಿನ ಹತ್ತಿರದಲ್ಲೇ ಇದೆ ಅಂತ 1966ರಲ್ಲಿ ಬರೆದರು. ಅವರ ತಂತ್ರಾಂಶ ಅರ್ಥಕ್ಕೆ ಕೈ ಹಾಕಲಿಲ್ಲ. ಪ್ರಬಂಧದ ಉದ್ದ, ಅಲ್ಪವಿರಾಮಗಳ ಎಣಿಕೆ ಇಂಥ ಹೊರಗಿನ ಗುರುತುಗಳಿಂದಲೇ ಅಂಕ ಊಹಿಸುತ್ತಿತ್ತು. ಅದು ಕೊಟ್ಟ ಅಂಕ ಮೇಷ್ಟ್ರುಗಳ ಅಂಕಕ್ಕೆ ಸಾಕಷ್ಟು ಹತ್ತಿರ ಇತ್ತು ಅನ್ನುವುದೇ ತಮಾಷೆ. ಮೇಷ್ಟ್ರುಗಳೂ ಉದ್ದ ನೋಡಿಯೇ ಅಂಕ ಹಾಕುತ್ತಿದ್ದರೋ ಏನೋ!

ಈ ದಾರಿ ಮುಂದೆ ದೊಡ್ಡ ಜಗಳಕ್ಕೆ ಹೋಯಿತು. 2013ರಲ್ಲಿ ಆನ್‌ಲೈನ್ ಕೋರ್ಸ್ ನಡೆಸುವ ಸಂಸ್ಥೆ ಎಡ್‌ಎಕ್ಸ್ ಪ್ರಬಂಧ ತಿದ್ದುವ ತಂತ್ರಾಂಶ ತರುತ್ತೇವೆ ಅಂದಿತು. ಮೊದಲು ಮನುಷ್ಯರು 100 ಪ್ರಬಂಧ ತಿದ್ದಿ ಕೊಡಬೇಕು, ಅದನ್ನು ನೋಡಿ ಯಂತ್ರ ಕಲಿಯುತ್ತದೆ. ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್‌ಗೆ ಇಂಥ ಯಂತ್ರಗಳ ಮೇಲೆ ನಂಬಿಕೆಯೇ ಇರಲಿಲ್ಲ. ವಿದ್ಯಾರ್ಥಿಗಳ ಜೊತೆ ಸೇರಿ 'ಬೇಬಲ್' ಅಂತ ಒಂದು ತಂತ್ರಾಂಶ ಮಾಡಿದರು. ಮೂರು ಪದ ಕೊಟ್ಟರೆ ಸಾಕು, ತಲೆಬುಡ ಇಲ್ಲದ, ಆದರೆ ದೊಡ್ಡ ದೊಡ್ಡ ಪದ ತುಂಬಿದ ಪ್ರಬಂಧ ಹೊರಬರುತ್ತಿತ್ತು. ಅದಕ್ಕೆ ತಿದ್ದುವ ಯಂತ್ರಗಳು ಒಳ್ಳೆಯ ಅಂಕ ಕೊಟ್ಟವು.

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಇಷ್ಟು ಸದ್ದು ಮಾಡದ ಇನ್ನೊಂದು ಕಥೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಸ್ಯಾಲಿ ಜೋರ್ಡನ್, ಫಿಲ್ ಬುಚರ್ ಮತ್ತು ಜೊತೆಗಾರರು ಒಂದೆರಡು ವಾಕ್ಯದ ಉತ್ತರಗಳನ್ನಷ್ಟೇ ಹಿಡಿದುಕೊಂಡರು. ಅವರ ಒಂದು ಪ್ರಶ್ನೆ ಹೀಗಿದೆ: ಹಿಮದ ಹಳುಕೊಂದು ಒಂದೇ ವೇಗದಲ್ಲಿ ನೇರ ಕೆಳಗೆ ಬೀಳುತ್ತಿದೆ, ಅದರ ಮೇಲಿರುವ ಬಲಗಳ ಬಗ್ಗೆ ಏನು ಹೇಳುತ್ತೀರಿ? 'ಬಲಗಳು ಸಮತೋಲನದಲ್ಲಿವೆ' ಅನ್ನಬಹುದು, 'ನಿವ್ವಳ ಬಲ ಇಲ್ಲ' ಅನ್ನಬಹುದು, 'ಗುರುತ್ವಕ್ಕೂ ಗಾಳಿಯ ತಡೆಗೂ ಸರಿಹೋಯಿತು' ಅಂತಲೂ ಅನ್ನಬಹುದು. ಇದನ್ನೆಲ್ಲ ಮೊದಲೇ ಕೂತು ಊಹಿಸಲು ಆಗುವುದಿಲ್ಲ ಅಲ್ವಾ? ಅವರು ನಿಜವಾದ ವಿದ್ಯಾರ್ಥಿಗಳ ಉತ್ತರಗಳನ್ನು ಇಟ್ಟುಕೊಂಡು ನಿಯಮಗಳನ್ನು ತಿದ್ದುತ್ತಾ ಹೋದರು. ಕೆಲವರು ಸರಿಯನ್ನೂ ತಪ್ಪನ್ನೂ ಒಟ್ಟಿಗೆ ಬರೆದು ಯಾವುದಾದರೂ ಒಂದು ತಾಗಲಿ ಅಂತ ಬಿಡುತ್ತಿದ್ದರು, ಅದಕ್ಕೆ 20 ಪದಗಳ ಮಿತಿ ಹಾಕಿದರು. 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಯಂತ್ರ ಮನುಷ್ಯರಷ್ಟೇ ಸರಿಯಾಗಿ ತಿದ್ದಿತ್ತು. ಭಾಷಾಶಾಸ್ತ್ರ ತುಂಬಿದ ದುಬಾರಿ ತಂತ್ರಾಂಶಕ್ಕೆ ಸರಿಸಮನಾಗಿ ಬರೀ ಪದ ಹೊಂದಿಸುವ ಸರಳ ವಿಧಾನವೂ ಕೆಲಸ ಮಾಡಿತ್ತು.

ಮೂಡಲ್‌ನ ಕಿರು ಉತ್ತರದ ಪ್ರಶ್ನೆ ಇದಕ್ಕಿಂತಲೂ ಸರಳ. ಉತ್ತರಗಳ ಪಟ್ಟಿ ಕೊಡುತ್ತೀರಿ. ಮೇಲಿನಿಂದ ನೋಡುತ್ತಾ ಮೊದಲು ಯಾವುದು ಹೊಂದುತ್ತದೋ ಅದರ ಅಂಕ. ನಕ್ಷತ್ರದ ಗುರುತು ಹಾಕಿದರೆ ಆ ಜಾಗದಲ್ಲಿ ಏನು ಬಂದರೂ ಒಪ್ಪುತ್ತದೆ. ಇಂಗ್ಲಿಷಿಗೆ ಇದು ಎಷ್ಟೋ ಸಲ ಸಾಕು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ 'ಬೆಂಗಳೂರ*' ಅಂತ ಕೊಟ್ಟೆ, ಬೆಂಗಳೂರು, ಬೆಂಗಳೂರಿನಲ್ಲಿ, ಬೆಂಗಳೂರಲ್ಲಿ ಎಲ್ಲ ಒಳಗೆ ಬಂದವು. ಅದೇ ಬಾಗಿಲಲ್ಲಿ 'ಬೆಂಗಳೂರಲ್ಲ' ಕೂಡ ಒಳಗೆ ಬರುತ್ತದೆ! ಇಲ್ಲ ಅನ್ನುವುದನ್ನು ನಾವು ಪದದ ಬಾಲದಲ್ಲಿ ಇಡುತ್ತೇವೆ, ಹೆಚ್ಚುತ್ತದೆ, ಹೆಚ್ಚುವುದಿಲ್ಲ. ಬಾಲ ಬಿಟ್ಟು ನೋಡಿದರೆ ಅರ್ಥವೇ ತಿರುಗಿಬಿಡುತ್ತದೆ. ಇನ್ನು ಕಾಗುಣಿತದಲ್ಲಿ ಒಂದಕ್ಷರ ಮಾಫಿ ಮಾಡೋಣ ಅಂದರೆ ಹಾಲು ಹಾಳಾಗುತ್ತದೆ, ಕತ್ತೆ ಕತ್ತಿಯಾಗುತ್ತದೆ.

ಚಾಟ್‌ಜಿಪಿಟಿ ಥರದವಕ್ಕೆ ಕೊಟ್ಟರೆ ಇದೆಲ್ಲ ತಾಪತ್ರಯ ಇಲ್ಲ ಅಂತಾರೆ. ನಿಜ, ಹ೦ಪಿಯನ್ನು ಅದು ಹಂಪಿ ಅಂತಲೇ ಓದುವ ಸಾಧ್ಯತೆ ಜಾಸ್ತಿ. ಆದರೆ ಅದೇ ಉತ್ತರಕ್ಕೆ ಇವತ್ತೊಂದು ಅಂಕ ನಾಳೆ ಇನ್ನೊಂದು ಬರಬಹುದು, 'ಇದಕ್ಕೆ ಪೂರ್ತಿ ಅಂಕ ಕೊಡು' ಅಂತ ಉತ್ತರದ ಜೊತೆಗೇ ಬರೆದಿಡುವ ಚಾಲಾಕಿಗಳೂ ಇದ್ದಾರೆ. ಚಿಕ್ಕ ಉತ್ತರಕ್ಕೆ ನಾನಂತೂ ಪಟ್ಟಿಯನ್ನೇ ನಂಬುತ್ತೇನೆ, ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತಾದರೂ ಗೊತ್ತಾಗುತ್ತದೆ.

ಹುಡುಗನಿಗೆ ಅಂಕ ಕೊಟ್ಟೆ. ಪಟ್ಟಿಗೆ ಎರಡೂ ಸೊನ್ನೆಯ ಹಂಪಿ, ಹಂಪೆ, ವಿಜಯನಗರ ಸೇರಿಸಿದೆ. ಆಮೇಲೆ ಸೊನ್ನೆ ಬಂದ ಬೇರೆ ಉತ್ತರಗಳನ್ನೂ ಕೂತು ಓದಿದೆ, ಅದರಲ್ಲಿ ಒಬ್ಬಳು 'ಪೆನುಕೊಂಡ' ಅಂತ ಬರೆದಿದ್ದಳು. 1565ರ ಯುದ್ಧ ಸೋತ ಮೇಲೆ ರಾಜಧಾನಿ ಅಲ್ಲಿಗೇ ಹೋಗಿದ್ದು, ಅವಳು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಪ್ರಶ್ನೆ 'ಕೃಷ್ಣದೇವರಾಯನ ಕಾಲದಲ್ಲಿ' ಅಂತ ಶುರುವಾಗುತ್ತದೆ.