ಅಸಲಿ ಅಭಿಮಾನಿ ಯಾರು ಅಂತ ತೀರ್ಮಾನ ಮಾಡುವವರು ಯಾರು?

ಬೆಂಗಳೂರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ಗಾಗಿ ರಾತ್ರಿ ಒಂದೂವರೆಗೆ ಟಿ.ವಿ. ಹಾಕಿ ಕೂರುವವರಿಗೆ ಈ ಮಾತು ಹೊಸದಲ್ಲ: "ಅವರ ಮೈದಾನ ಓಲ್ಡ್ ಟ್ರಾಫರ್ಡ್ ಕಣ್ಣಲ್ಲಿ ನೋಡಿದ್ದೀಯಾ? ಮತ್ತೆ ಅದು ನಿನ್ನ ಕ್ಲಬ್ ಹೇಗಾಗುತ್ತೆ?" ಹೀಗೆ ಕೇಳುವವನೂ ಎಷ್ಟೋ ಸಲ ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ಬಾದ ಲಿವರ್‌ಪೂಲ್‌ನ ಜರ್ಸಿ ಹಾಕಿಕೊಂಡಿರುತ್ತಾನೆ ಅನ್ನೋದು ಬೇರೆ ವಿಷಯ.

ಈ ಅಸಲಿ–ನಕಲಿ ಜಗಳ ನಮ್ಮ ಪಬ್ಬುಗಳಲ್ಲಿ ಹುಟ್ಟಿದ್ದಲ್ಲ. ಅದು ಇಂಗ್ಲೆಂಡಿನಿಂದ ಬಂದ ಹಳೆಯ ಜಗಳ. ಅದರ ಹಿಂದಿನ ಕಥೆ ನೋಡಿದರೆ ನನಗೆ ಕಾಣಿಸುವುದು ಇಷ್ಟು: ಕ್ಲಬ್ಬಿಗೆ ದುಡ್ಡು ಬರುವ ದಾರಿ ಬದಲಾದಾಗಲೆಲ್ಲ ಅಸಲಿ ಅಭಿಮಾನಿಯ ಲಕ್ಷಣವೂ ಬದಲಾಗಿದೆ.

ಶುರುವಿನಲ್ಲಿ ಈ ಪ್ರಶ್ನೆ ಏಳುವ ಅಗತ್ಯವೇ ಇರಲಿಲ್ಲ. ಬ್ರಿಟನ್ನಿನ 1850ರ ಕಾರ್ಖಾನೆ ಕಾಯ್ದೆಯಿಂದ ಬಟ್ಟೆ ಗಿರಣಿಗಳ ಹೆಂಗಸರಿಗೆ, ಮಕ್ಕಳಿಗೆ ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯತೊಡಗಿತು. ನಿಧಾನವಾಗಿ ಮಿಕ್ಕ ಕೆಲಸಗಾರರಿಗೂ ಆ ಅರ್ಧ ದಿನದ ರಜೆ ಸಿಕ್ಕಿತು. ಶನಿವಾರ ಮೂರು ಗಂಟೆಗೆ ಪಂದ್ಯ ಅನ್ನುವ ರೂಢಿ ಬಂದದ್ದು ಹೀಗೆ. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ 12 ಕ್ಲಬ್‌ಗಳೂ ಇಂಗ್ಲೆಂಡಿನ ಉತ್ತರ ಮತ್ತು ಮಧ್ಯಭಾಗದ ಕೈಗಾರಿಕಾ ಊರುಗಳವು. ಕೆಲಸ ಮುಗಿಸಿದವರು ಹತ್ತಿರದ ಮೈದಾನಕ್ಕೆ ನಡೆದುಕೊಂಡು ಹೋಗುತ್ತಿದ್ದರು. ಯುನೈಟೆಡ್ ಕೂಡ 1878ರಲ್ಲಿ ನ್ಯೂಟನ್ ಹೀತ್ ಅನ್ನುವ ಹೆಸರಲ್ಲಿ ಹುಟ್ಟಿದ ರೈಲ್ವೆ ಕೆಲಸಗಾರರ ತಂಡ. ಕ್ಲಬ್ ನಡೆಯುತ್ತಿದ್ದದ್ದು ಗೇಟಿನಲ್ಲಿ ಬೀಳುವ ಕಾಸಿನಿಂದ. ಗೇಟಿಗೆ ಬಂದವನೇ ಅಭಿಮಾನಿ.

ಆದರೆ ಊರಿನ ನಂಟು ಆಗಲೂ ನಾವು ಅಂದುಕೊಂಡಷ್ಟು ಗಟ್ಟಿ ಇರಲಿಲ್ಲ. ಆರ್ಸೆನಲ್ ಹುಟ್ಟಿದ್ದು 1886ರಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕಿರುವ ವುಲಿಚ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ. ಅಲ್ಲಿ ಜನ ಸಾಲುತ್ತಿಲ್ಲ ಅಂತ 1913ರಲ್ಲಿ ಕ್ಲಬ್ ನದಿ ದಾಟಿ ಉತ್ತರ ಲಂಡನ್ನಿನ ಹೈಬರಿಗೆ ಗಂಟುಮೂಟೆ ಕಟ್ಟಿತು. ವುಲಿಚ್‌ನವರು ಏನು ಮಾಡಬೇಕಿತ್ತು? ಇವತ್ತು ಆರ್ಸೆನಲ್ಲನ್ನು ಉತ್ತರ ಲಂಡನ್ನಿನ ಹೆಮ್ಮೆ ಅನ್ನುವವರು ಆ ಪ್ರಶ್ನೆ ಕೇಳಿಕೊಳ್ಳುವುದು ಕಡಿಮೆ.

ಅಸಲಿ ಅಭಿಮಾನಿ ಅನ್ನುವ ಮಾತಿಗೆ ಸರ್ಕಾರವೇ ಕೈ ಹಾಕಿದ್ದು 1980ರ ದಶಕದಲ್ಲಿ. ಮೈದಾನಗಳಲ್ಲಿ ಹೊಡೆದಾಟ ಮಿತಿ ಮೀರಿತ್ತು. 1985ರ ಮಾರ್ಚ್‌ನಲ್ಲಿ ಲೂಟನ್ ಊರಲ್ಲಿ ನಡೆದ ಪಂದ್ಯಕ್ಕೆ ಲಂಡನ್ನಿನ ಮಿಲ್ವಾಲ್ ಕ್ಲಬ್ಬಿನ ಕಡೆಯಿಂದ ಬಂದವರು ದೊಡ್ಡ ದಾಂಧಲೆ ಎಬ್ಬಿಸಿದರು. ಮರುವರ್ಷದಿಂದ ಲೂಟನ್ ಕ್ಲಬ್ ಹೊರಗಿನ ತಂಡದ ಅಭಿಮಾನಿಗಳಿಗೆ ಬಾಗಿಲನ್ನೇ ಮುಚ್ಚಿತು. ಸದಸ್ಯತ್ವದ ಕಾರ್ಡ್ ಇದ್ದರೆ ಮಾತ್ರ ಒಳಗೆ ಪ್ರವೇಶ. ಈ ಹಟಕ್ಕೆ ಲೀಗ್ ಕಪ್‌ನಿಂದ ಹೊರಬೀಳಬೇಕಾಗಿ ಬಂದರೂ ಕ್ಲಬ್ ಜಗ್ಗಲಿಲ್ಲ. ಥ್ಯಾಚರ್ ಸರ್ಕಾರಕ್ಕೆ ಈ ಉಪಾಯ ಹಿಡಿಸಿತು. ಇಡೀ ದೇಶಕ್ಕೆ ಅಂಥದ್ದೇ ಕಾರ್ಡ್ ತರಲು 1989ರಲ್ಲಿ ಕಾಯ್ದೆಯನ್ನೂ ಮಾಡಿತು. ಅಂದರೆ ಕಾರ್ಡ್ ಇದ್ದವನು ಅಭಿಮಾನಿ, ಇಲ್ಲದವನು ಪುಂಡ.

ಅದೇ ವರ್ಷ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ಕಾಲ್ತುಳಿತವಾಯಿತು. ಲಿವರ್‌ಪೂಲ್‌ನ ಒಟ್ಟು 97 ಅಭಿಮಾನಿಗಳ ಜೀವ ಹೋಯಿತು. ಕುಡಿದವರು, ಟಿಕೆಟ್ ಇಲ್ಲದವರು ನುಗ್ಗಿದ್ದೇ ಕಾರಣ ಅಂತ ಪೊಲೀಸರು ಕಥೆ ಕಟ್ಟಿದರು. ಅದು ಸುಳ್ಳು ಅಂತ 2012ರಲ್ಲಿ ಸ್ವತಂತ್ರ ಸಮಿತಿ ಹೇಳಿತು. 2016ರಲ್ಲಿ ಜ್ಯೂರಿ ಕೂಡ ಅಭಿಮಾನಿಗಳ ತಪ್ಪಿಲ್ಲ ಅಂತ ತೀರ್ಪು ಕೊಟ್ಟಿತು. ಸತ್ತವರು ಅಸಲಿ ಅಭಿಮಾನಿಗಳು ಅಂತ ಒಪ್ಪಿಸಲು ಮನೆಯವರು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹೋರಾಡಬೇಕಾಯಿತು. ಈ ಇತಿಹಾಸದಲ್ಲಿ ಇದಕ್ಕಿಂತ ಕ್ರೂರವಾದ ಪುಟ ನನಗೆ ಗೊತ್ತಿಲ್ಲ.

1990ರ ಜನವರಿಯಲ್ಲಿ, ಹಿಲ್ಸ್‌ಬರೊ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ತಮ್ಮ ಅಂತಿಮ ವರದಿ ಕೊಟ್ಟರು. ಕಾರ್ಡ್ ಯೋಜನೆ ಬೇಡ ಅಂದರು. ಎಲ್ಲರೂ ಕೂತು ನೋಡುವ ಹಾಗೆ ಆಸನ ಹಾಕಿ ಅಂದರು. ಆಸನದ ಹೆಸರಲ್ಲಿ ದರ ಏರಿಸಬೇಕಿಲ್ಲ ಅಂತಲೂ ಬರೆದರು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ನಿಲ್ಲುವುದಕ್ಕೆ 4 ಪೌಂಡ್, ಕೂರುವುದಕ್ಕೆ 6 ಪೌಂಡ್ ಅನ್ನುವ ಲೆಕ್ಕವನ್ನೂ ಕೊಟ್ಟರು. ಕ್ಲಬ್‌ಗಳು ಆಸನದ ಮಾತನ್ನು ಕೇಳಿದವು, ದರದ ಮಾತನ್ನು ಮರೆತವು.

1992ರಲ್ಲಿ ಇಂಗ್ಲೆಂಡಿನ ಮೇಲ್ಮಟ್ಟದ ಕ್ಲಬ್‌ಗಳ ಪ್ರೀಮಿಯರ್ ಲೀಗ್ ಬಂತು. ಜೊತೆಗೆ ಟಿ.ವಿ. ಹಕ್ಕಿನ ದುಡ್ಡು ಬಂತು. ಟಿಕೆಟ್ ದರ ಏರಿತು. ಕಂಪನಿಗಳು ತಮ್ಮ ಗಿರಾಕಿಗಳನ್ನು ಊಟದ ಸಮೇತ ಕರೆತರುವ ಬಾಕ್ಸ್‌ಗಳು ಜಾಸ್ತಿಯಾದವು. ಈಗ ನಕಲಿ ಅಂತ ತೋರಿಸುವ ಬೆರಳು ಉಲ್ಟಾ ದಿಕ್ಕಿಗೆ ತಿರುಗಿತು. 2000ದ ನವೆಂಬರ್‌ನಲ್ಲಿ ಡೈನಮೊ ಕೀವ್ ವಿರುದ್ಧದ ಪಂದ್ಯ ಗೆದ್ದ ಮೇಲೂ ಯುನೈಟೆಡ್ ನಾಯಕ ರಾಯ್ ಕೀನ್ ತಮ್ಮದೇ ಮೈದಾನದ ಪ್ರೇಕ್ಷಕರ ಮೇಲೆ ಹರಿಹಾಯ್ದರು. ಕುಡಿದು, ಸೀಗಡಿ ಸ್ಯಾಂಡ್‌ವಿಚ್ ತಿಂದು ಕೂರುವವರಿಗೆ ಅಂಗಳದಲ್ಲಿ ಏನಾಗುತ್ತಿದೆ ಅನ್ನುವುದೇ ತಿಳಿಯದು ಅನ್ನುವುದು ಅವರ ದೂರು. ಹತ್ತು ವರ್ಷದ ಹಿಂದೆ ನಕಲಿ ಅಭಿಮಾನಿ ಅಂದರೆ ಬಡ ಪುಂಡ. ಈಗ ಹಣವಂತ.

ಬಿಟ್ಟು ಹೋದವರ ಕಥೆ ಇನ್ನೂ ಕುತೂಹಲದ್ದು. ಲಂಡನ್ನಿನ ವಿಂಬಲ್ಡನ್ ಕ್ಲಬ್ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಹೋಗಲು 2002ರ ಮೇ 28ರಂದು ಮೂವರ ಆಯೋಗ ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳೇ ಹೊಸ ಕ್ಲಬ್ ಕಟ್ಟಿಕೊಳ್ಳುವುದು ಫುಟ್‌ಬಾಲ್‌ನ ಹಿತಕ್ಕೆ ಒಳ್ಳೆಯದಲ್ಲ ಅಂತಲೂ ಆ ಆಯೋಗ ಬರೆಯಿತು. ಅಭಿಮಾನಿಗಳು ಮಾಡಿದ್ದು ಅದನ್ನೇ. ಕೆಲವೇ ವಾರಗಳಲ್ಲಿ ಊರ ಬಯಲಲ್ಲಿ ಆಟಗಾರರ ಆಯ್ಕೆ ನಡೆಸಿ ಎ.ಎಫ್.ಸಿ. ವಿಂಬಲ್ಡನ್ ಕಟ್ಟಿದರು. ಕೆಳಗಿನ ಲೀಗಿನಿಂದ ಶುರುಮಾಡಿ 2011ರಲ್ಲಿ ಫುಟ್‌ಬಾಲ್ ಲೀಗಿಗೆ ಏರಿದರು. 2020ರಲ್ಲಿ ತಮ್ಮ ಹಳೆಯ ಪ್ಲೌ ಲೇನ್ ಬೀದಿಗೇ ವಾಪಸ್ ಬಂದರು. ಹೆಸರು, ಪರವಾನಗಿ, ಆಟಗಾರರು ಹೋದಲ್ಲಿಗೆ ಹೋಗುವುದು ನಿಷ್ಠೆ ಅನ್ನುವುದಾದರೆ ಇವರೆಲ್ಲ ನಕಲಿಗಳೇ. ಹಾಗನ್ನುವವರು ಇವತ್ತು ಸಿಗುವುದು ಕಷ್ಟ.

ಯುನೈಟೆಡ್‌ನಲ್ಲಿ ಇದು ಇನ್ನೂ ತೊಡಕಾಯಿತು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 790 ಮಿಲಿಯನ್ ಪೌಂಡಿಗೆ ಕ್ಲಬ್ ಕೊಂಡಿತು. ಅದಕ್ಕೆ ಮಾಡಿದ ಸಾಲದಲ್ಲಿ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಸಿಟ್ಟಾದ ಒಂದು ಗುಂಪು ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ಬೇರೆ ಕ್ಲಬ್ ಮಾಡಿ ಹತ್ತನೇ ಹಂತದ ಲೀಗಿನಲ್ಲಿ ಆಡಲು ಹೊರಟಿತು. ಅಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು. ಓಲ್ಡ್ ಟ್ರಾಫರ್ಡ್‌ನಲ್ಲೇ ಉಳಿದವರು "ಕಷ್ಟ ಬಂದಾಗ ಬಿಟ್ಟು ಓಡಿದಿರಿ" ಅಂದರು. ಹೋದವರು "ನಿಮ್ಮ ಟಿಕೆಟ್ ದುಡ್ಡಲ್ಲೇ ಅವರ ಸಾಲ ತೀರುತ್ತಿದೆ" ಅಂದರು. ಎರಡೂ ಕಡೆ ಹುಟ್ಟಾ ಮ್ಯಾಂಚೆಸ್ಟರಿನವರು, ತಲೆಮಾರುಗಳಿಂದ ಪಂದ್ಯ ನೋಡಿದವರು. ಇಲ್ಲಿ ಯಾವ ಕಾರ್ಡ್ ತೋರಿಸಿದರೂ ತೀರ್ಪು ಸಿಗುವುದಿಲ್ಲ, ಅಲ್ವಾ?

ಹಾಗಾದರೆ ದೂರದ ನಾವು? 2021ರ ಏಪ್ರಿಲ್ 18ರಂದು ಯುರೋಪಿನ 12 ದೊಡ್ಡ ಕ್ಲಬ್‌ಗಳು ಸೂಪರ್ ಲೀಗ್ ಅನ್ನುವ ತಮ್ಮದೇ ಹೊಸ ಪಂದ್ಯಾವಳಿ ಘೋಷಿಸಿದವು. ಅದರ ಹಿಂದಿದ್ದವರ ಲೆಕ್ಕದಲ್ಲಿ ಊರಿನವರು ಹಳೇ ಕಾಲದ ಅಭಿಮಾನಿಗಳು. ಟಿ.ವಿ. ನೋಡುವ ಜಗತ್ತಿನ ಜನ ನಾಳಿನ ಅಭಿಮಾನಿಗಳು. ಅಂದರೆ ನಮ್ಮನ್ನು ಅಸಲಿ ಅಂತ ಮೊದಲು ಒಪ್ಪಿದವರು ಮಾಲೀಕರು, ಅದೂ ಊರಿನವರನ್ನು ಪಕ್ಕಕ್ಕೆ ಸರಿಸಲು! ಇದನ್ನು ವಿರೋಧಿಸಿ, ಆ 12ರಲ್ಲಿ ಒಂದಾದ ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಅಭಿಮಾನಿಗಳು ರಸ್ತೆ ಅಡ್ಡಗಟ್ಟಿದರು. ಎರಡೇ ದಿನದಲ್ಲಿ ಅದರಲ್ಲಿದ್ದ ಆರೂ ಇಂಗ್ಲಿಷ್ ಕ್ಲಬ್‌ಗಳು ಹಿಂದೆ ಸರಿದವು. ಅವತ್ತು ಊರಿನವರ ಗೇಟಿನ ಕಾಸಿಗಿಂತ ಅವರ ಗದ್ದಲ ಕೆಲಸ ಮಾಡಿತು. ನಮ್ಮ ಕೈಲಿ ಇರುವುದು ರಿಮೋಟ್ ಮಾತ್ರ. ದೂರದ ಅಭಿಮಾನಿಯ ಪ್ರೀತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕ್ಲಬ್ ಮಾಲೀಕರನ್ನು ತಡೆಯುವ ಶಕ್ತಿ ಆ ಪ್ರೀತಿಗೆ ಕಡಿಮೆ, ಅಷ್ಟೇ.

ಈ ಶಕ್ತಿ ನಮ್ಮಲ್ಲೂ ಇಲ್ಲದಿಲ್ಲ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿದಾಗ ನೋಡಲು ಬಂದವರು 2,569 ಜನ. ಬೆಂಗಳೂರು ಎಫ್‌.ಸಿ.ಯ ನಾಯಕನೂ ಆಗಿದ್ದ ಸುನಿಲ್ ಛೆಟ್ರಿ ಯುರೋಪಿನ ಕ್ಲಬ್‌ಗಳ ಅಭಿಮಾನಿಗಳಿಗೆ ವಿಡಿಯೊದಲ್ಲಿ ಮನವಿ ಮಾಡಿದರು: ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ. ಎರಡು ದಿನ ಬಿಟ್ಟು ಕೀನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಖಾಲಿ. ಕೋಲ್ಕತ್ತದಲ್ಲಿ 1889ರ ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿನ ಮುಂದೆ 2020ರಲ್ಲಿ ಎ.ಟಿ.ಕೆ. ಅನ್ನುವ ಇನ್ನೊಂದು ಕ್ಲಬ್ಬಿನ ಹೆಸರು ಸೇರಿದಾಗ ಅಭಿಮಾನಿಗಳು ಗಲಾಟೆ ನಿಲ್ಲಿಸಲೇ ಇಲ್ಲ. 2023ರ ಮಾರ್ಚ್‌ನಲ್ಲಿ ಗೋವಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐ.ಎಸ್‌.ಎಲ್.) ಫೈನಲ್‌ನಲ್ಲಿ ನಮ್ಮ ಬೆಂಗಳೂರು ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿಯೇ, ಆ ಮೂರಕ್ಷರ ತೆಗೆಯುತ್ತೇವೆ ಅಂತ ಮಾಲೀಕರು ಹೇಳಿದರು. ಅದರ ಜಾಗಕ್ಕೆ ಕೊನೆಯಲ್ಲಿ 'ಸೂಪರ್ ಜೈಂಟ್' ಅಂತ ಅಂಟಿಸಿದರು. ಅದಕ್ಕೂ ಗೊಣಗುವವರು ಇದ್ದಾರೆ.