ಕೆಪಾಸಿಟರ್ ಹಾಕಿದರೆ ಕರೆಂಟ್ ಬಿಲ್ಲು ಇಳಿಯುತ್ತದಾ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಸಣ್ಣ ಐಸ್ ಪ್ಲಾಂಟ್ ಉಂಟು. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಬರುತ್ತಿದೆ. ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದಾ? ಮನೆಗೂ ಒಂದು ಹಾಕಿಸಬಹುದಾ?

ಪ್ಲಾಂಟಿಗೆ ಹಾಕಿಸಿ. ಮನೆಗೆ ಬೇಡ.

ಕಂಪ್ರೆಸರ್ ಮೋಟರ್ ತಿರುಗಬೇಕಾದರೆ ಅದರೊಳಗೆ ಕಾಂತಕ್ಷೇತ್ರ ಹುಟ್ಟಬೇಕು. ಅದಕ್ಕೆ ಹೋದ ಶಕ್ತಿ ಖರ್ಚಾಗುವುದಿಲ್ಲ, ಲೈನಿಗೇ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಇದೇ ರಿಯಾಕ್ಟಿವ್ ಪವರ್. ಉಡುಪಿ–ಮಂಗಳೂರು ಬಸ್ಸಿನಲ್ಲಿ ಎಲ್ಲೂ ಇಳಿಯದೆ ಸುಮ್ನೆ ಹೋಗಿ ಬರುವವರಿದ್ದ ಹಾಗೆ: ಕೆಲಸ ಏನಿಲ್ಲ, ಸೀಟು ಮಾತ್ರ ಭರ್ತಿ. ಇಲ್ಲಿ ಭರ್ತಿಯಾಗುವುದು ಕೇಬಲ್ಲು, ಟ್ರಾನ್ಸ್‌ಫಾರ್ಮರ್. ದಂಡ ಬೀಳುವುದೂ ಅದಕ್ಕೇ. ಲೈನಿನಲ್ಲಿ ಹರಿದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲೇ ಪವರ್ ಫ್ಯಾಕ್ಟರ್; 1ರ ಹತ್ತಿರ ಇದ್ದಷ್ಟೂ ಒಳ್ಳೆಯದು.

ಕೆಪಾಸಿಟರ್ ಇದಕ್ಕೆ ಉಲ್ಟಾ. ಮೋಟರ್ ಎಳೆಯುವಾಗ ಅದು ಕೊಡುತ್ತದೆ, ಮೋಟರ್ ಬಿಡುವಾಗ ತುಂಬಿಕೊಳ್ಳುತ್ತದೆ. ಓಡಾಟ ಅವೆರಡರ ನಡುವೆಯೇ ಮುಗಿಯುತ್ತದೆ.

ಲೆಕ್ಕ ನೋಡಿ. 415 ವೋಲ್ಟಿನ ತ್ರೀ ಫೇಸಿನಲ್ಲಿ 40 ಕಿಲೋವ್ಯಾಟ್ ಲೋಡ್, ಪವರ್ ಫ್ಯಾಕ್ಟರ್ 0.70 ಇದ್ದರೆ ಲೈನಿನಲ್ಲಿ ಸುಮಾರು 80 ಆಂಪಿಯರ್ ಹರಿಯುತ್ತದೆ. ಅದನ್ನು 0.95ಕ್ಕೆ ತಂದರೆ 59 ಸಾಕು. ಬೇಕಾಗುವ ಕೆಪಾಸಿಟರ್ ಸುಮಾರು 28 ಕೆವಿಎಆರ್ (ರಿಯಾಕ್ಟಿವ್ ಪವರಿನ ಅಳತೆ). ಕೇಬಲ್ಲು ಬಿಸಿಯಾಗಿ ಹಾಳಾಗುವ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಆದರೆ ಮೀಟರಿನಿಂದ ಕೆಪಾಸಿಟರ್ ಇರುವ ಜಾಗದವರೆಗೆ ಮಾತ್ರ. ಹಾಗಾಗಿ ಆದಷ್ಟು ಮೋಟರಿನ ಹತ್ತಿರವೇ ಕೂರಿಸಿ. ಯೂನಿಟ್ ಭಾರೀ ಇಳಿದೀತು ಅಂದುಕೊಳ್ಳಬೇಡಿ. ಉಳಿಯುವುದು ಮುಖ್ಯವಾಗಿ ದಂಡದ ದುಡ್ಡು.

ಮಲ್ಪೆಯವರಿಗೆ ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಐಸಿಗೆ ಗಿರಾಕಿ ಕಮ್ಮಿ, ಮೋಟರ್ ಬಂದ್. ಕೆಪಾಸಿಟರ್ ಮಾತ್ರ ಲೈನಿಗೆ ಅಂಟಿಕೊಂಡೇ ಇದ್ದರೆ ಪವರ್ ಫ್ಯಾಕ್ಟರ್ ಆಚೆ ಕಡೆಗೆ ವಾಲುತ್ತದೆ, ಅಂದರೆ ಕೆಪಾಸಿಟರಿನದೇ ರಿಯಾಕ್ಟಿವ್ ಪವರ್ ಲೈನಿನಲ್ಲಿ ಓಡಾಡುತ್ತದೆ; ವೋಲ್ಟೇಜೂ ಏರುತ್ತದೆ. ಮೋಟರಿನ ಜೊತೆಗೇ ಆನ್-ಆಫ್ ಆಗುವಂತೆ ಜೋಡಿಸಿ. ಮೋಟರ್ ಹಲವು ಇದ್ದರೆ ಪವರ್ ಫ್ಯಾಕ್ಟರನ್ನು ತಾನೇ ಸರಿಪಡಿಸುವ ಎಪಿಎಫ್‌ಸಿ ಪ್ಯಾನಲ್ ಒಳ್ಳೆಯದು. ಎಷ್ಟು ಬೇಕೋ ಅಷ್ಟನ್ನೇ ಅದು ಲೈನಿಗೆ ಸೇರಿಸುತ್ತದೆ. ವಿಎಫ್‌ಡಿ (ಮೋಟರಿನ ವೇಗ ಹೆಚ್ಚುಕಮ್ಮಿ ಮಾಡುವ ಸಾಧನ) ಇದ್ದರಂತೂ ಕೆಪಾಸಿಟರ್ ಹಾಕುವವರಿಗೆ ಮೊದಲೇ ಹೇಳಿಬಿಡಿ. ಅದರ ಹಾರ್ಮೋನಿಕ್ಸ್‌ಗೆ (ಲೈನಿಗೆ ಸೇರುವ ಹೆಚ್ಚು ಆವರ್ತನದ ಅಲೆಗಳಿಗೆ) ಬರೀ ಕೆಪಾಸಿಟರ್ ಕಾದು ಉಬ್ಬೀತು, ಅವನ್ನು ತಡೆಯುವ ಕಾಯಿಲ್, ಅಂದರೆ ರಿಯಾಕ್ಟರ್ ಸೇರಿಸಬೇಕಾದೀತು.

ಮತ್ತೆ, ಸ್ವಿಚ್ ಆಫ್ ಮಾಡಿದ ತಕ್ಷಣ ಕೆಪಾಸಿಟರ್ ಮುಟ್ಟಬೇಡಿ ಮಾರಾಯ್ರೆ. ಒಳಗೆ ಚಾರ್ಜ್ ಉಳಿದಿರುತ್ತದೆ.

ಇನ್ನು ಮನೆ. ಅಲ್ಲಿ ದುಡ್ಡು ಬೀಳುವುದು ಯೂನಿಟ್ಟಿಗೆ, ಅಂದರೆ ಕಿಲೋವ್ಯಾಟ್-ಅವರ್‌ಗೆ, ರಿಯಾಕ್ಟಿವ್ ಪವರಿಗಲ್ಲ. ಪ್ಲಗ್ಗಿಗೆ ಸಿಕ್ಕಿಸುವ ‘ಪವರ್ ಸೇವರ್’ ಡಬ್ಬಿಯಿಂದ ಬಿಲ್ಲು ಇಳಿಯುವುದಿಲ್ಲ. ಆ ದುಡ್ಡನ್ನು ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನಿಗೆ ಹಾಕಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಇದಕ್ಕೆ 30ರ ಆಸುಪಾಸು ಸಾಕು.