ಥಂಬ್ ಕ್ಲಸ್ಟರ್: ಹೆಬ್ಬೆಟ್ಟಿಗೂ ಒಂದಿಷ್ಟು ಕೆಲಸ

ನಮ್ಮ ಕಡೆ ‘ಅವನು ಹೆಬ್ಬೆಟ್ಟು’ ಅಂದರೆ ಓದು ಬರಹ ಬಾರದವನು ಅಂತ ಅರ್ಥ. ಪತ್ರದ ಕೆಳಗೆ ಒಂದು ಸಲ ಒತ್ತಿದರೆ ಆ ಬೆರಳಿನ ಕೆಲಸ ಮುಗೀತು. ಕೀಬೋರ್ಡಿನಲ್ಲೂ ಅದರ ಪಾಡು ಹೆಚ್ಚು ಕಡಿಮೆ ಇದೇ. ಎಂಟು ಬೆರಳು ಅಕ್ಷರಗಳಿಗಾಗಿ ಮೇಲೆ ಕೆಳಗೆ ಓಡಾಡುತ್ತವೆ. ಎರಡು ಹೆಬ್ಬೆಟ್ಟಿಗೆ ಸೇರಿ ಇರುವುದು ಒಂದೇ ಸ್ಪೇಸ್ ಬಾರ್. ಸುಮಾರು 12 ಸೆಂಟಿಮೀಟರ್ ಉದ್ದದ ಆ ಪಟ್ಟಿಯನ್ನೂ ಎಷ್ಟೋ ಜನ ಒಂದೇ ಹೆಬ್ಬೆಟ್ಟಿನಲ್ಲಿ ಒತ್ತುತ್ತಾರೆ. ಇನ್ನೊಂದು ಸುಮ್ನೆ ಕೂತಿರುತ್ತದೆ.

ಆ ಸುಮ್ನೆ ಕೂತ ಬೆರಳಿಗೆ ಕೆಲಸ ಹಚ್ಚುವುದೇ ಥಂಬ್ ಕ್ಲಸ್ಟರ್. ಇದು ಹೆಚ್ಚಾಗಿ ಕಾಣುವುದು ಸ್ಪ್ಲಿಟ್ ಕೀಬೋರ್ಡಿನಲ್ಲಿ, ಅಂದರೆ ಎರಡು ಹೋಳಾದ ಕೀಬೋರ್ಡಿನಲ್ಲಿ. ಎಡಗೈಗೊಂದು ಹೋಳು, ಬಲಗೈಗೊಂದು. ಭುಜದ ಅಗಲ ನೋಡಿಕೊಂಡು ಅವನ್ನು ದೂರ ಇಟ್ಟುಕೊಂಡರೆ ಮಣಿಕಟ್ಟು ಹೊರಗಡೆ ತಿರುಚಿಕೊಳ್ಳುವುದು ತಪ್ಪುತ್ತದೆ. ಪ್ರತಿ ಹೋಳಿನ ಕೆಳಗಡೆ, ಒಳಮಗ್ಗುಲಲ್ಲಿ ಹೆಬ್ಬೆಟ್ಟಿಗೆಂದೇ ಕೆಲವು ಕೀ ಇರುತ್ತವೆ. ಆ ಗುಂಪಿಗೇ ಈ ಹೆಸರು.

ಯೋಚನೆ ಹೊಸದೇನಲ್ಲ. 1970ರ ದಶಕದಲ್ಲಿ ಬ್ರಿಟನ್ನಿನ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್ಡೇ ‘ಮಾಲ್ಟ್ರಾನ್’ ಕೀಬೋರ್ಡ್ ಮಾಡಿದರು. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ‘ಇ’ ಅಕ್ಷರವನ್ನೇ ಅವರು ಹೆಬ್ಬೆಟ್ಟಿಗೆ ಕೊಟ್ಟರು. ಧೈರ್ಯ ಮೆಚ್ಚಬೇಕು. ಈಗಿನ ಎರ್ಗೊಡಾಕ್ಸ್ ಎಂಬ ಸ್ಪ್ಲಿಟ್ ಕೀಬೋರ್ಡಿನಲ್ಲಿ ಒಂದೊಂದು ಹೆಬ್ಬೆಟ್ಟಿಗೆ ಆರಾರು ಕೀ, ಪುಟ್ಟ ಕಾರ್ನ್ ಕೀಬೋರ್ಡಿನಲ್ಲಿ ಮೂರು ಮೂರು. ನನ್ನ ಕೇಳಿದರೆ ಮೂರು ಸಾಕು. ಆರು ಇದ್ದರೂ ಕೈ ಕದಲಿಸದೆ ಸಿಗುವುದು ಎರಡೋ ಮೂರೋ ಮಾತ್ರ.

ಇದೆಲ್ಲ ನನಗ್ಯಾಕೆ ಅಂದರೆ, ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆ, ಇಲ್ಲದಿದ್ದರೆ ಅರ್ಜಿ, ಕರಾರು ಪತ್ರ. ಒಂದು ಸೀಸನ್‌ನಲ್ಲಿ ಎಡಗೈ ಕಿರುಬೆರಳು ಎಷ್ಟು ನೊಂದಿತೆಂದರೆ ಚಹಾ ಲೋಟ ಹಿಡಿಯುವಾಗಲೂ ಅದನ್ನು ಎತ್ತಿಕೊಂಡೇ ಇರುತ್ತಿದ್ದೆ. ದೊಡ್ಡ ಮನುಷ್ಯರ ಸ್ಟೈಲು ಅಂತ ಪಕ್ಕದ ಜೆರಾಕ್ಸ್ ಅಂಗಡಿಯವರು ನಗುತ್ತಿದ್ದರು.

ತಪ್ಪು ಕಿರುಬೆರಳಿನದಲ್ಲ, ಶಿಫ್ಟ್ ಕೀಯದು. ನಾವೆಲ್ಲ ಬಳಸುವುದು ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ರೂಪಿಸಿದ ಕೀ ವಿನ್ಯಾಸ. ಅದರಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ದೀರ್ಘ ಬೇಕೆಂದರೆ ಶಿಫ್ಟ್, ಣ ಮತ್ತು ಳ ಬೇಕೆಂದರೂ ಶಿಫ್ಟ್. ಇಂಗ್ಲಿಷಿನವರಿಗೆ ವಾಕ್ಯದ ಮೊದಲಲ್ಲೊಮ್ಮೆ, ಹೆಸರು ಬಂದಾಗೊಮ್ಮೆ ಶಿಫ್ಟ್ ಬೇಕಾದರೆ, ನಮಗೆ ಪದಪದಕ್ಕೂ ಬೇಕು. ‘ದಾವಣಗೆರೆ’ ಅಂತ ಹೊಡೆಯಲು ಎರಡು ಸಲ ಶಿಫ್ಟ್: ದಾ ದೀರ್ಘಕ್ಕೊಂದು, ಣ ಅಕ್ಷರಕ್ಕೊಂದು. ‘ಚಿತ್ರದುರ್ಗ’ಕ್ಕೆ ಒಂದು ಸಲವೂ ಬೇಡ! ಅಲ್ಲಿ ಎರಡು ಸಲ ಬೇಕಾಗುವುದು ಒತ್ತಕ್ಷರದ ‘ಎಫ್’ ಕೀ. ಅದು ಎಡಗೈ ತೋರುಬೆರಳು ಕೂರುವ ಜಾಗದಲ್ಲೇ ಇದೆ, ತೊಂದರೆ ಇಲ್ಲ. ಶಿಫ್ಟ್ ಮಾತ್ರ ಮೂಲೆಯಲ್ಲಿ, ಎಲ್ಲಕ್ಕಿಂತ ಬಡಕಲು ಬೆರಳಿನ ಪಾಲಿಗೆ ಬಿದ್ದಿದೆ.

ಅದಕ್ಕೇ ಕನ್ನಡ ಟೈಪ್ ಮಾಡುವವರು ಹೆಬ್ಬೆಟ್ಟಿಗೆ ಕೊಡಬೇಕಾದ ಮೊದಲ ಕೆಲಸ ಶಿಫ್ಟ್ ಅಂತ ನನ್ನ ವಾದ. ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲ ಆಮೇಲೆ. ತಟ್ಟಿದರೆ ಸ್ಪೇಸ್, ಒತ್ತಿ ಹಿಡಿದರೆ ಶಿಫ್ಟ್ ಆಗುವ ಹಾಗೆ ಒಂದೇ ಕೀಗೆ ಎರಡು ಕೆಲಸ ಕೊಡುವ ಸೌಲಭ್ಯವೂ ಉಂಟು. ಇಂಥ ಕೀಬೋರ್ಡುಗಳಲ್ಲಿ ಓಡುವ ಕ್ಯೂಎಂಕೆ ಎಂಬ ತಂತ್ರಾಂಶ, ನಾವು ಬದಲಿಸದಿದ್ದರೆ, ಆ ಕೀ 200 ಮಿಲಿಸೆಕೆಂಡಿನೊಳಗೆ ಮೇಲೆದ್ದರೆ ತಟ್ಟಿದ್ದು, ಮೀರಿದರೆ ಹಿಡಿದದ್ದು ಅಂತ ಲೆಕ್ಕ ಹಾಕುತ್ತದೆ. ಕೇಳಲು ಚೆನ್ನ. ಬೇಗ ಹೊಡೆಯುವ ನಮ್ಮಂಥವರಿಗೆ ಮಾತ್ರ ಬೇಕಾದ ದೀರ್ಘ ತಪ್ಪಿ, ಬೇಡದ ಕಡೆ ಸ್ಪೇಸ್ ಬೀಳುತ್ತದೆ. ಎಡಕ್ಕೆ ಶಿಫ್ಟ್, ಬಲಕ್ಕೆ ಸ್ಪೇಸ್ ಅಂತ ಬೇರೆ ಬೇರೆ ಇಟ್ಟುಬಿಡಿ.

ಇನ್ನು ಹೆಬ್ಬೆಟ್ಟಿನ ಕೀಗಳನ್ನು ಎಲ್ಲಿಡಬೇಕು ಅನ್ನುವ ವಿಷಯ. ಎಡವುವುದು ಇಲ್ಲೇ ಜಾಸ್ತಿ. ಒಂದು ಮುಷ್ಟಿ ಮಂಡಕ್ಕಿ ಎತ್ತಿಕೊಳ್ಳುವಾಗ ಹೆಬ್ಬೆಟ್ಟನ್ನು ಗಮನಿಸಿ. ಅದು ಪಕ್ಕದಿಂದ ಬಂದು ಬೆರಳುಗಳ ಕಡೆ ಮುಚ್ಚಿಕೊಳ್ಳುತ್ತದೆ. ಅದರ ಬಲ ಇರುವುದು ಆ ಹಿಡಿತದಲ್ಲಿ, ನೇರ ಕೆಳಗೆ ಕುಟ್ಟುವುದರಲ್ಲಿ ಅಲ್ಲ. ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು, ಹಾಗಾಗಿ ಬೆರಳು ಕಮಾನಿನ ಹಾಗೆ ತಿರುಗುತ್ತದೆ. ಕೀಗಳನ್ನು ಸಾಲಾಗಿ ನೆಟ್ಟಗೆ ಜೋಡಿಸದೆ, ಸ್ವಲ್ಪ ಬಾಗಿದ ಸಾಲಿನಲ್ಲಿ ಇಡುವುದು ಇದಕ್ಕೇ. ಅಂಗೈಯ ಒಳಗಡೆ ತೀರಾ ತಳ್ಳಿದರೆ ಹೆಬ್ಬೆಟ್ಟು ಮಡಚಿಕೊಂಡೇ ಇರಬೇಕು. ತೀರಾ ಹೊರಗಿಟ್ಟರೆ ಪದೇಪದೇ ಚಾಚಬೇಕು, ಮಣಿಕಟ್ಟಿನ ಹೆಬ್ಬೆಟ್ಟಿನ ಮಗ್ಗುಲಲ್ಲಿ ನೋವು ಶುರುವಾಗುತ್ತದೆ. ಕಿರುಬೆರಳಿನ ನೋವನ್ನು ಹೆಬ್ಬೆಟ್ಟಿಗೆ ವರ್ಗ ಮಾಡಿದ ಹಾಗಾಯಿತು, ಅಷ್ಟೇ.

ಕೊಳ್ಳುವ ಮೊದಲು ನಾನು ಮಾಡಿದ ಪರೀಕ್ಷೆ ಹೇಳುತ್ತೇನೆ. ಅಂಗಡಿಯಲ್ಲಿ ಸ್ಟಾಂಪ್ ಪ್ಯಾಡ್ ಇದ್ದೇ ಇರುತ್ತದಲ್ಲ, ಐದೂ ಬೆರಳಿಗೆ ಮಸಿ ಮುಟ್ಟಿಸಿಕೊಂಡೆ. ಕಣ್ಣು ಮುಚ್ಚಿ, ಟೈಪ್ ಮಾಡುವ ಹಾಗೆ ಕೈ ಸಡಿಲ ಬಿಟ್ಟು ಎ4 ಹಾಳೆಯ ಮೇಲೆ ಇಟ್ಟೆ. ನಾಲ್ಕು ಬೆರಳ ತುದಿ ಮೂಡಿತು. ಹೆಬ್ಬೆಟ್ಟಿನದು ಮಾತ್ರ ತುದಿಯ ಪಕ್ಕದ ಅಂಚು. ಆ ಗುರುತು ಬಿದ್ದಲ್ಲೇ ಮುಖ್ಯ ಕೀ ಇರಬೇಕು. ಕೀಬೋರ್ಡುಗಳ ನಕ್ಷೆಯನ್ನು ಅಳತೆ ಕೆಡದಂತೆ ಪ್ರಿಂಟ್ ತೆಗೆದು, ಈ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದೆ. ಎರಡು ಮಾದರಿ ಅಲ್ಲೇ ಬಿದ್ದುಹೋದವು. ದುಡ್ಡು ಉಳಿಯಿತು.

ಹೊಸದಕ್ಕೆ ಒಗ್ಗಿಕೊಳ್ಳಲು ಮೂರು ವಾರ ಹಿಡಿಯಿತು. ಕಿರುಬೆರಳು ಈಗ ಆರಾಮ. ತೊಂದರೆ ಆಗುವುದು ಗಿರಾಕಿಗಳ ಲ್ಯಾಪ್‌ಟಾಪ್ ಮುಂದೆ ಕೂತಾಗ. ಎಡ ಹೆಬ್ಬೆಟ್ಟು ಶಿಫ್ಟ್ ಅಂದುಕೊಂಡು ಸ್ಪೇಸ್ ಬಾರ್ ಒತ್ತುತ್ತದೆ. ಮೊನ್ನೆ ವಿಳಾಸದ ಸಾಲಿನಲ್ಲಿ ದಾವಣಗೆರೆ ಹೊಡೆದೆ. ತೆರೆಯ ಮೇಲೆ ಬಂದದ್ದು ‘ದ ಅವ ನಗೆರೆ’.